ವಾಲೆಟ್ ಬ್ಯಾಕಪ್ ಎಷ್ಟು ಸಲ ತೆಗೆಯಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಉಡುಪಿ:
ಮೊಬೈಲ್‌ನಲ್ಲಿ ಬಿಟ್‌ಕಾಯಿನ್ ವಾಲೆಟ್ ಹಾಕಿಕೊಂಡಿದ್ದೇನೆ. ಫೋನ್ ಹೋದರೆ ವಾಲೆಟ್ ವಾಪಸ್ ತರಲು ಬೇಕಾಗುವ 12 ಇಂಗ್ಲಿಷ್ ಪದ ಬರೆದಿಡಿ ಎಂದಿತು, ಬರೆದಿಟ್ಟೆ. ಇನ್ನು ತಿಂಗಳಿಗೊಮ್ಮೆ ಬ್ಯಾಕಪ್ ಬೇಕಾ? ಕಾಯಿನ್ ಬಂದಾಗೆಲ್ಲ ಬೇಕಾ?

ಕದ್ರಿಯಿಂದ:
ಬೇಡ ಮಾರಾಯ್ರೆ. ನಿಮ್ಮ ವಾಲೆಟ್‌ನ ವಿಳಾಸಗಳೆಲ್ಲ ಆ 12 ಪದಗಳಿಂದಲೇ ಹುಟ್ಟುವುದು, ಮುಂದೆ ಬರುವುದೂ ಸೇರಿ. ಕಾಯಿನ್ ಫೋನಿನೊಳಗೆ ಇಲ್ಲ, ಅದರ ಲೆಕ್ಕ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಸಾವಿರಾರು ಕಂಪ್ಯೂಟರ್‌ಗಳು ಇಟ್ಟುಕೊಂಡ ಸಾರ್ವಜನಿಕ ಲೆಕ್ಕಪುಸ್ತಕದಲ್ಲಿ ಉಂಟು. ಹಾಗಾಗಿ ಒಂದು ಸಲ ಸಾಕು. ಆದರೆ ಅದು ಹಣ ಹಾಕುವ ಮೊದಲೇ ಆಗಬೇಕು. ನಾನು ಹೊಸ ವಾಲೆಟ್ ಮಾಡಿದರೆ ಮೊದಲು ಚಿಲ್ಲರೆ ಮೊತ್ತ ಹಾಕುತ್ತೇನೆ. ಆಮೇಲೆ ವಾಲೆಟ್ ಅಳಿಸಿ, ಕಾಗದ ನೋಡಿ ಪದಗಳನ್ನು ಹೊಡೆದು ವಾಪಸ್ ತರುತ್ತೇನೆ. ಬಂದರೆ ಮಾತ್ರ ಉಳಿದ ಹಣ.

ಆಗಾಗ ತೆಗೆಯಬೇಕು ಎನ್ನುವುದು ಹಳೆಯ ಕಾಲದ ಬುದ್ಧಿವಾದ, ಆಗ ಅದು ಸರಿಯೂ ಇತ್ತು. ಕಂಪ್ಯೂಟರಿನಲ್ಲಿ ಹಾಕುವ ಬಿಟ್‌ಕಾಯಿನ್ ಕೋರ್ ಎಂಬ ವಾಲೆಟ್ ತಂತ್ರಾಂಶ ಮೊದಲು 100 ಕೀಗಳನ್ನು (ಒಂದೊಂದು ವಿಳಾಸದ ಹಣ ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಖ್ಯೆಗಳನ್ನು) ಮುಂಚಿತವಾಗಿ ಮಾಡಿ ಫೈಲಿನಲ್ಲಿ ಇಡುತ್ತಿತ್ತು. ನೀವು ಯಾರಿಗಾದರೂ ಕಳಿಸಿದಾಗ ಉಳಿದ ಚಿಲ್ಲರೆ ನಿಮ್ಮದೇ ಹೊಸ ವಿಳಾಸಕ್ಕೆ ಬರುತ್ತದೆ, ಅಲ್ವಾ? ಅದಕ್ಕೂ ಒಂದು ಕೀ ಖರ್ಚು. ನೂರು ಮುಗಿದ ಮೇಲೆ ಬಂದ ಹಣದ ಕೀ ಹಳೆಯ ಬ್ಯಾಕಪ್‌ನಲ್ಲಿ ಇರುತ್ತಲೇ ಇರಲಿಲ್ಲ. 2016ರಲ್ಲಿ ಬಂದ ಅದರ 0.13 ಆವೃತ್ತಿಯಿಂದ ಹೊಸ ವಾಲೆಟ್‌ಗಳ ಕೀಗಳೆಲ್ಲ ಒಂದೇ ಮೂಲದಿಂದ ಹುಟ್ಟುವ ಕಾರಣ ಈ ತಲೆನೋವು ತಪ್ಪಿತು. ಯಾರ ಹತ್ತಿರವಾದರೂ ಅದಕ್ಕಿಂತ ಹಳೆಯ ಫೈಲ್ ಇದ್ದರೆ ಇವತ್ತೇ ಹೊಸ ಬ್ಯಾಕಪ್ ತೆಗೆಯಿರಿ.

ಮಲ್ಪೆಯಿಂದ:
ನಮ್ಮ ಕಡೆ ಬರೆಯುವುದಕ್ಕಿಂತ ಬರೆದದ್ದನ್ನು ಉಳಿಸುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಲ್ಯಾಮಿನೇಶನ್ ಮಾಡಿದರೂ ಅಂಚು ಬಿಟ್ಟರೆ ಪಸೆ ಒಳಗೆ ಹೋಗುತ್ತದೆ. ಗೆದ್ದಲಿನ ಕತೆ ಬೇರೆಯೇ. ನಾನು ದೀಪಾವಳಿಗೆ ಕಪಾಟು ಒರೆಸುವಾಗ ಕಾಗದ ತೆಗೆದು ಓದುತ್ತೇನೆ. ಓದಲು ಬಂದರೆ ಸರಿ, ಇಲ್ಲದಿದ್ದರೆ ಹೊಸದು. ನೀವು ವರ್ಷಕ್ಕೊಮ್ಮೆ ಮಾಡಬೇಕಾದ್ದು ಇಷ್ಟೇ.

ಮೊತ್ತ ಜಾಸ್ತಿ ಇದ್ದರೆ ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೇಲೆ ಅಕ್ಷರದ ಪಂಚ್ ಹೊಡೆಯಿರಿ. ಮನೆಯೊಳಗೆ 304 ದರ್ಜೆಯ ಸ್ಟೀಲ್ ಸಾಕು. ಕಡಲ ಬದಿಯ ಉಪ್ಪುಗಾಳಿಗೆ 316 ಇನ್ನೂ ಒಳ್ಳೆಯದು. ಪೂರ್ತಿ ಪದ ಬೇಕಿಲ್ಲ. ವಾಲೆಟ್‌ಗಳು ಪದ ಆರಿಸುವ ಇಂಗ್ಲಿಷ್ ಪಟ್ಟಿಯ 2048 ಪದಗಳಲ್ಲಿ ಯಾವುದೇ ಎರಡಕ್ಕೆ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ, ಹಾಗಾಗಿ ಆ ನಾಲ್ಕು ಸಾಕು. ಕ್ರಮಸಂಖ್ಯೆ ಮಾತ್ರ ಮರೆಯಬೇಡಿ. ಮತ್ತೆ, ಪಾತ್ರೆ ಅಂಗಡಿಯಲ್ಲಿ ಚೊಂಬಿಗೆ ಹೆಸರು ಹಾಕಿಸಿದ ಹಾಗೆ ಇದನ್ನೂ ಹಾಕಿಸಬಹುದಾ ಎಂದು ಕೇಳಿದವರು ಇದ್ದಾರೆ. ದಯವಿಟ್ಟು ಬೇಡ, ಪದ ನೋಡಿದವರು ಹಣ ತೆಗೆಯಬಹುದು!

ಮಣಿಪಾಲದಿಂದ:
ಒಂದೇ ಸಲ ಸಾಕು ಎನ್ನುವುದಕ್ಕೆ ಸ್ವಲ್ಪ ತಿದ್ದುಪಡಿ ಉಂಟು. ಪದಗಳ ಜೊತೆ ಪಾಸ್‌ಫ್ರೇಸ್ (ನೀವೇ ಆರಿಸುವ ಹೆಚ್ಚುವರಿ ಗುಟ್ಟಿನ ಪದ) ಸೇರಿಸಿದರೆ ಅದು ಬೇರೆಯೇ ವಾಲೆಟ್. ಅದನ್ನೂ ಬರೆದಿಡಬೇಕು. ಪಾಸ್‌ಫ್ರೇಸ್ ತಪ್ಪು ಹೊಡೆದರೆ ತಪ್ಪು ಎಂದು ಹೇಳುವುದಿಲ್ಲ, ಸುಮ್ನೆ ಖಾಲಿ ವಾಲೆಟ್ ತೋರಿಸುತ್ತದೆ. ಹೊರಗಿನಿಂದ ತಂದು ಸೇರಿಸಿದ ಕೀ ಈ 12 ಪದಗಳಲ್ಲಿ ಬರುವುದಿಲ್ಲ. ಲೈಟ್ನಿಂಗ್ (ಬಿಟ್‌ಕಾಯಿನ್ ಅನ್ನು ಬೇಗ ಕಳಿಸುವ ಜಾಲ) ನೋಡ್ ನೀವೇ ನಡೆಸುವುದಾದರೆ, ಇನ್ನೊಬ್ಬರ ಜೊತೆ ಹಣ ಕಳಿಸುವ ಹೊಸ ದಾರಿ, ಅಂದರೆ ಚಾನೆಲ್, ತೆರೆದಾಗೆಲ್ಲ ಚಾನೆಲ್ ಬ್ಯಾಕಪ್ ಫೈಲ್ ಬೇರೆ ಕಡೆಗೆ ನಕಲಾಗಬೇಕು. ನಿಮಗೆ ಇದ್ಯಾವುದೂ ಇಲ್ಲದಿದ್ದರೆ ಬಿಡಿ.

ಸುರತ್ಕಲ್‌ನಿಂದ:
ಫೋಟೋ ತೆಗೆಯಬೇಡಿ. ಗ್ಯಾಲರಿ ತನ್ನಷ್ಟಕ್ಕೆ ಕ್ಲೌಡ್‌ಗೆ ಏರಿಸುತ್ತದೆ. ನಿಮಗೆ ನೀವೇ ವಾಟ್ಸಾಪ್ ಮಾಡುವುದೂ ಬೇಡ.

ಮೂಡುಬಿದಿರೆ, ಈಗ ದುಬೈ:
ನನ್ನದು ಒಂದು ಪ್ರತಿ ಇಲ್ಲಿ, ಒಂದು ಊರಿನ ಬ್ಯಾಂಕ್ ಲಾಕರ್‌ನಲ್ಲಿ. ಲಾಕರ್‌ಗೆ ಹೆಂಡತಿ ನಾಮಿನಿ. ಅದು ಎಂತದ್ದು, ಯಾವ ಆ್ಯಪ್‌ಗೆ ಹಾಕಬೇಕು ಎಂದು ಅವಳಿಗೆ ಕೂರಿಸಿ ತೋರಿಸಿದ್ದೇನೆ. ಇಲ್ಲದಿದ್ದರೆ ಚಿನ್ನದ ಜೊತೆ ಸಿಕ್ಕಿದ ಇಂಗ್ಲಿಷ್ ಪದಗಳ ಚೀಟಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಕೇಳಿದವರು:
ಹಾಗಾದರೆ ಆರು ಪದ ಮನೆಯಲ್ಲಿ, ಆರು ಪದ ಅಕ್ಕನ ಮನೆಯಲ್ಲಿ ಇಡಬಹುದಾ?

ಕದ್ರಿಯಿಂದ:
ಬೇಡ. ಒಂದು ಚೀಟಿ ಹೋದರೂ ಹಣ ಹೋಯಿತು. ಒಂದು ಚೀಟಿ ಕದ್ದವನಿಗೆ ಉಳಿದ ಪದ ಊಹಿಸುವ ಕೆಲಸವೂ ತುಂಬಾ ಹಗುರ. ಎರಡು ಕಡೆಯೂ ಪೂರ್ತಿ 12 ಇಡಿ, ಅಕ್ಕನಿಗೆ ಕೊಡುವುದನ್ನು ಲಕೋಟೆಯಲ್ಲಿ ಅಂಟಿಸಿ ಕೊಡಿ.