9-ಬಿಬಿಎನ್ ಹಾಕಿದರೂ ರಿಂಗ್ ಮುಚ್ಚುತ್ತಿಲ್ಲ, ಮಾಡಿ ನೋಡಿದವರು ಹೇಳಿ

ಪ್ರಶ್ನೆ: ನನ್ನ ಮಾದರಿ ಅಣುವಿನಲ್ಲಿ ಬೆಂಜೀನ್ ಮೇಲೆ ಒಂದು ಬ್ರೋಮಿನ್, ಪಕ್ಕದ ಕಾರ್ಬನ್ ಮೇಲೆ 3-ಬ್ಯೂಟೆನೈಲ್ ಸರಪಳಿ (ನಾಲ್ಕು ಕಾರ್ಬನ್, ತುದಿಯಲ್ಲಿ ಡಬಲ್ ಬಾಂಡ್ ಅಂದರೆ ಆಲ್ಕೀನ್) ಇದೆ. ತುದಿಯ ಆಲ್ಕೀನ್‌ಗೆ 9-ಬಿಬಿಎನ್ (ಬೋರಾನ್-ಹೈಡ್ರೋಜನ್ ಬಂಧ ಇರುವ ಸಂಯುಕ್ತ) ಸೇರಿಸಿ, ಅದೇ ಫ್ಲಾಸ್ಕಿನಲ್ಲಿ ಸುಜುಕಿ (ಪಲ್ಲಾಡಿಯಂ ಬಳಸಿ ಬೋರಾನ್ ಮೇಲಿನ ಕಾರ್ಬನ್ನನ್ನು ಬ್ರೋಮಿನ್ ಇದ್ದ ಕಾರ್ಬನ್‌ಗೆ ಜೋಡಿಸುವ ರಿಯಾಕ್ಷನ್) ಮಾಡಿದರೆ ಟೆಟ್ರಾಲಿನ್ (ಬೆಂಜೀನ್‌ಗೆ ಅಂಟಿದ ಆರು ಕಾರ್ಬನ್ ರಿಂಗ್, ತೂಕ 132) ಬರಬೇಕು ಅಲ್ವಾ? ಜಿಸಿ-ಎಂಎಸ್‌ನಲ್ಲಿ (ಅಣುಗಳನ್ನು ಬೇರ್ಪಡಿಸಿ ತೂಗುವ ಯಂತ್ರ) ತೂಕ 132 ಸ್ವಲ್ಪ ಇದೆ, 130 ಜಾಸ್ತಿ. ಕ್ಯಾಟಲಿಸ್ಟ್ ಪಲ್ಲಾಡಿಯಂ ಟೆಟ್ರಾಕಿಸ್ (ನಾಲ್ಕು ಟ್ರೈಫಿನೈಲ್ ಫಾಸ್ಫೀನ್ ಕೂತ ಪಲ್ಲಾಡಿಯಂ).

ಉತ್ತರ: 130 ಅಂದ್ರೆ ಹೆಕ್ ರಿಯಾಕ್ಷನ್ ಗೆದ್ದಿದೆ. 2010ರ ನೊಬೆಲ್ ಹಂಚಿಕೊಂಡ ಹೆಕ್ ಮತ್ತು ಸುಜುಕಿ ನಿಮ್ಮ ಫ್ಲಾಸ್ಕಿನಲ್ಲಿ ಜಗಳಕ್ಕೆ ಬಿದ್ದಿದ್ದಾರೆ! ಬೋರಾನ್ ಸೇರದೆ ಉಳಿದ ಆಲ್ಕೀನನ್ನು ಪಲ್ಲಾಡಿಯಂ ನೇರವಾಗಿ ಹಿಡಿದು ಐದು ಕಾರ್ಬನ್‌ಗಳ ರಿಂಗ್ ಕಟ್ಟುತ್ತದೆ. ಅದು 1-ಮೆಥಿಲೀನ್ ಇಂಡೇನ್. ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಹೈಡ್ರೋಜನ್‌ಗಳ ಸುತ್ತಲಿನ ಸ್ಥಿತಿ ತೋರಿಸುವ ಪರೀಕ್ಷೆ) 5.0 ಮತ್ತು 5.5 ಪಿಪಿಎಂ ಹತ್ತಿರ ಎರಡು ಪೀಕ್ ಹುಡುಕಿ.

132 ಇದೆ ಅಂತ ಸುಮ್ನೆ ಖುಷಿಪಡಬೇಡಿ. ಬ್ರೋಮಿನ್ ಮಾತ್ರ ಕಳೆದುಕೊಂಡ 4-ಫಿನೈಲ್-1-ಬ್ಯೂಟೀನ್ ತೂಕವೂ 132. ಯಂತ್ರದಲ್ಲಿ ಅಣು ಒಡೆದು ಬಂದ ಚೂರುಗಳ ತೂಕ ನೋಡಿ. ಟೆಟ್ರಾಲಿನ್‌ನಲ್ಲಿ 104 ಎಲ್ಲಕ್ಕಿಂತ ಎತ್ತರ, 4-ಫಿನೈಲ್-1-ಬ್ಯೂಟೀನ್‌ನಲ್ಲಿ 91.

ಕೇಳಿದವರು: ಈಗ ನೋಡಿದೆ, 91 ದೊಡ್ಡದಿದೆ. ಹಾಗಾದರೆ 9-ಬಿಬಿಎನ್ ಬಾಟಲಿ ಹಾಳಾಗಿದೆಯಾ?

ಉತ್ತರ: ಇರಬಹುದು. ಊಹಿಸುತ್ತಾ ಕೂರಬೇಡಿ, ಬೋರಾನ್ ಎನ್‌ಎಂಆರ್ ಹಾಕಿಸಿ. 9-ಬಿಬಿಎನ್ ಡೈಮರ್ (ಬಾಟಲಿಯಲ್ಲಿ ಎರಡೆರಡಾಗಿ ಜೋಡಿಯಾಗಿರುವ ರೂಪ) 28 ಪಿಪಿಎಂ ಸುಮಾರಿಗೆ ಬರುತ್ತದೆ, ಆಲ್ಕೀನ್‌ಗೆ ಸೇರಿದ ಮೇಲೆ 85 ದಾಟುತ್ತದೆ. 55ರ ಸುತ್ತ ಪೀಕ್ ಬಂದರೆ ಗಾಳಿ ಹೊಕ್ಕಿದೆ. ಆಲ್ಕೀನ್ ಪೂರ್ತಿ ಮುಗಿಯುವ ತನಕ ಪಲ್ಲಾಡಿಯಂ ಮುಟ್ಟಲೇಬೇಡಿ. ಮುಗಿದ ಮೇಲೆ ಸ್ವಲ್ಪ ನೀರು ಹಾಕಿ ಉಳಿದ ಬೋರಾನ್-ಹೈಡ್ರೈಡ್ ಕೊಲ್ಲಿ. ಹೈಡ್ರೋಜನ್ ಗುಳ್ಳೆ ಬರುತ್ತದೆ, ಫ್ಲಾಸ್ಕ್ ಪೂರ್ತಿ ಮುಚ್ಚಿಡಬೇಡಿ.

ಇನ್ನೊಬ್ಬರು: ಟೆಟ್ರಾಕಿಸ್ ಬಿಟ್ಟು ಡಿಪಿಪಿಎಫ್ (ಎರಡು ಫಾಸ್ಫರಸ್‌ನಿಂದ ಪಲ್ಲಾಡಿಯಂ ಹಿಡಿಯುವ ಲಿಗ್ಯಾಂಡ್) ಇರುವ ಪಲ್ಲಾಡಿಯಂ ಕ್ಲೋರೈಡ್ ತಗೊಳ್ಳಿ. ಮಿಯೌರಾ ಮತ್ತು ಸುಜುಕಿ 1989ರಲ್ಲಿ ಆಲ್ಕೈಲ್ ಬೋರೇನ್‌ಗಳಿಗೆ ಬಳಸಿದ್ದು ಅದನ್ನೇ. ಆಲ್ಕೈಲ್ ಗುಂಪು ಪಲ್ಲಾಡಿಯಂ ಮೇಲೆ ಕೂತಾಗ ಪಕ್ಕದ ಕಾರ್ಬನ್ನಿನ (ಬೀಟಾ) ಹೈಡ್ರೋಜನನ್ನು ಪಲ್ಲಾಡಿಯಂಗೆ ಬಿಟ್ಟು ಮತ್ತೆ ಆಲ್ಕೀನ್ ಆಗಿ ಓಡುವ ಅಪಾಯ ಇರುತ್ತದೆ. ಈ ಲಿಗ್ಯಾಂಡ್ ಇದ್ದರೆ ಅದಕ್ಕಿಂತ ಮೊದಲೇ ಎರಡು ಕಾರ್ಬನ್ ಸೇರಿಕೊಳ್ಳುತ್ತವೆ. ಬೇಸ್ ಆಗಿ ನೀರಿನಲ್ಲಿ ಕರಗಿಸಿದ ಸೋಡಿಯಂ ಹೈಡ್ರಾಕ್ಸೈಡ್ ಸಾಕು. ಎಸ್ಟರ್ ಇದ್ದರೆ ಪೊಟ್ಯಾಸಿಯಂ ಫಾಸ್ಫೇಟ್.

ಮತ್ತೊಬ್ಬರು: ನಿಜವಾದ ಅಣುವಿನ ರಿಂಗಿನಲ್ಲಿ ಕೀಟೋನ್ ಬೇಕಿದ್ದರೆ ಪಲ್ಲಾಡಿಯಂ ಗೊಡವೆ ಬೇಡ. ಎರಡು ಡಬಲ್ ಬಾಂಡ್ ಇರುವ ಡೈಯೀನ್‌ಗೆ ಥೆಕ್ಸೈಲ್ ಬೋರೇನ್ (ಎರಡು ಬೋರಾನ್-ಹೈಡ್ರೋಜನ್ ಬಂಧ ಇರುವ ಸಂಯುಕ್ತ) ಸೇರಿಸಿ, ಆಮೇಲೆ ಒತ್ತಡದಲ್ಲಿ ಕಾರ್ಬನ್ ಮೊನಾಕ್ಸೈಡ್. ಬ್ರೌನ್ ಮತ್ತು ನೆಗಿಶಿ 1960ರ ದಶಕದಲ್ಲೇ 1-ವಿನೈಲ್ ಸೈಕ್ಲೋಹೆಕ್ಸೀನ್‌ನಿಂದ ಟ್ರಾನ್ಸ್ ಜೋಡಣೆಯ (ರಿಂಗ್ ಸೇರುವ ಕಡೆ ಎರಡು ಹೈಡ್ರೋಜನ್ ಎದುರು ಬದಿಗಿರುವ) ಎರಡು ರಿಂಗಿನ ಕೀಟೋನ್ ಹೀಗೆ ಪಡೆದರು. ಟ್ರಾನ್ಸ್ ಜೋಡಣೆ ಇಷ್ಟು ಸಲೀಸಾಗಿ ಸಿಗುವುದು ಅಪರೂಪ. ಪ್ರೆಶರ್ ಉಪಕರಣ ಇಲ್ಲದವರು ಕಾರ್ಬನ್ ಮೊನಾಕ್ಸೈಡ್ ಬದಲು ಸಯನೈಡ್ ದಾರಿ ಹಿಡಿಯುತ್ತಾರೆ. ಒಬ್ಬರೇ ಇದ್ದಾಗ ಅದನ್ನು ಮಾಡಬೇಡಿ.

ಟೆಟ್ರಾಲಿನ್ ದಾರಿಯಲ್ಲಾದರೆ, ಸಿಲಿಕಾ ಕಾಲಂನಲ್ಲಿ ಶುದ್ಧ ಮಾಡುವ ಮೊದಲು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಬೋರಾನ್ ಕಳೆಯಿರಿ, ಐಸ್ ಬಾತ್‌ನಲ್ಲಿಟ್ಟು ನಿಧಾನವಾಗಿ. 9-ಬಿಬಿಎನ್‌ನಿಂದ ಉಳಿಯುವ ಸೈಕ್ಲೋಆಕ್ಟೇನ್ ಡಯೋಲ್ ಸಿಲಿಕಾ ಮೇಲೆ ಹಿಂದೆ ಉಳಿಯುತ್ತದೆ, ಟೆಟ್ರಾಲಿನ್ ಹೆಕ್ಸೇನ್‌ನಲ್ಲೇ ಇಳಿದು ಬರುತ್ತದೆ.