‘ಗೌಪ್ಯತೆ’ಯೋ ‘ಖಾಸಗಿತನ’ವೋ? ಜಾಹೀರಾತಿನ ಸಂದರ್ಭದಲ್ಲಿ ಒಂದು ಪದಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಸಾಮಾಜಿಕ ಜಾಲತಾಣಗಳ ಜಾಹೀರಾತುಗಳ ಕುರಿತು ಸಾಮಾನ್ಯ ಬಳಕೆದಾರರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಪ್ರೈವಸಿ’ಗೆ ಯಾವ ಪದವನ್ನು ನಿಲ್ಲಿಸಬೇಕೆಂಬುದೇ ಮೊದಲ ತೊಡಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಾಗಿ ಕಾಣುವುದು ‘ಗೌಪ್ಯತೆ’. ಮಂತ್ರಿಗಳು ಸ್ವೀಕರಿಸುವ ‘ಅಧಿಕಾರ ಮತ್ತು ಗೌಪ್ಯತೆಯ ಪ್ರಮಾಣವಚನ’ದಲ್ಲಿ ಗುಟ್ಟು ಕಾಯುವುದೇ ವಿಷಯವಾದ್ದರಿಂದ ಅಲ್ಲಿ ಆ ಪದ ಸರಿಯಾಗಿ ಕೂತಿದೆ. ಜಾಹೀರಾತಿನ ವಿಷಯಕ್ಕೆ ಬಂದಾಗ ಅದು ಓದುಗರ ದಾರಿ ತಪ್ಪಿಸುತ್ತದೆ.

ಒಬ್ಬಾಕೆ ಅಂಗಡಿಯೊಂದರ ಜಾಲತಾಣದಲ್ಲಿ ಇಳಕಲ್ ಸೀರೆಯ ಬೆಲೆ ನೋಡಿ, ಕೊಳ್ಳದೆ ಹೊರಬಂದರೆನ್ನಿ. ಆ ಪುಟದಲ್ಲಿ ಅಳವಡಿಸಿರುವ, ಕಣ್ಣಿಗೆ ಕಾಣದ ‘ಪಿಕ್ಸೆಲ್’ ಎಂಬ ಪುಟ್ಟ ಕೋಡ್ ತುಣುಕು ಈ ಭೇಟಿಯ ಸುದ್ದಿಯನ್ನು ಜಾಹೀರಾತು ತೋರಿಸುವ ಕಂಪನಿಗೆ ಮುಟ್ಟಿಸುತ್ತದೆ. ಅವರ ವಯಸ್ಸು, ಊರು, ಹಿಂದೆ ಒತ್ತಿದ ಲೈಕುಗಳೆಲ್ಲ ಅದರೊಂದಿಗೆ ಸೇರಿ, ಅದೇ ಸೀರೆ ಹೋದಲ್ಲೆಲ್ಲ ಅವರ ಬೆನ್ನು ಹತ್ತುತ್ತದೆ. ಇದರಲ್ಲಿ ಗುಟ್ಟೆನ್ನುವಂಥದ್ದು ಯಾವುದೂ ಇಲ್ಲ. ಆದ್ದರಿಂದಲೇ ‘ಗೌಪ್ಯತೆ’ ಎಂದೊಡನೆ, ‘ಮುಚ್ಚಿಡುವಂಥದ್ದು ನಮ್ಮ ಹತ್ತಿರ ಏನಿದೆ?’ ಎಂದು ಜನ ಕೇಳುತ್ತಾರೆ, ಮಾತು ಅಲ್ಲಿಗೇ ನಿಂತುಹೋಗುತ್ತದೆ. ತನ್ನ ವಿವರಗಳು ಯಾರ ಕೈಗೆ, ಯಾವ ಕೆಲಸಕ್ಕೆ ಹೋಗಬೇಕೆಂದು ತಾನೇ ತೀರ್ಮಾನಿಸುವ ಹಕ್ಕು ಇಲ್ಲಿನ ನಿಜವಾದ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಮೂಲಭೂತ ಹಕ್ಕೆಂದು ಸಾರಿದ ‘ಪ್ರೈವಸಿ’ಯಲ್ಲಿ ಈ ಅರ್ಥವೂ ಸೇರಿದೆ. ‘ಖಾಸಗಿತನ’ವೇ ಇದಕ್ಕೆ ಹತ್ತಿರವೆಂದು ನನಗೆ ತೋರುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಬರಹವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಬಳಕೆದಾರರಿಗಿರಬೇಕು. ಕನ್ನಡದಲ್ಲಿ ಓದಿ ‘ಒಪ್ಪುತ್ತೇನೆ’ ಎಂದು ಒತ್ತುವವರಿಗೆ ತಾವು ಏನನ್ನು ಬಿಟ್ಟುಕೊಡುತ್ತಿದ್ದೇವೆಂಬುದು ಆ ಪದಗಳಿಂದಲೇ ತಿಳಿಯಬೇಕಷ್ಟೆ.

ಇನ್ನೊಂದು ಪದ ‘ಟಾರ್ಗೆಟೆಡ್ ಅಡ್ವರ್ಟೈಸಿಂಗ್’, ಅಂದರೆ ಮೇಲಿನ ಸೀರೆಯಂತೆ ಒಬ್ಬೊಬ್ಬರ ವಿವರ ನೋಡಿ ಅವರಿಗೆಂದೇ ತೋರಿಸುವ ಜಾಹೀರಾತು. ಮಕ್ಕಳತ್ತ ಇಂಥ ಜಾಹೀರಾತನ್ನು ಹರಿಸುವುದನ್ನು ಇದೇ ಕಾಯ್ದೆಯ 9ನೇ ಸೆಕ್ಷನ್ ನಿರ್ಬಂಧಿಸುತ್ತದೆ. ‘ಉದ್ದೇಶಿತ ಜಾಹೀರಾತು’ ಎಂಬ ಅನುವಾದವನ್ನು ನಾನು ಒಪ್ಪಲಾರೆ; ‘ಉದ್ದೇಶಿತ ರೈಲು ಮಾರ್ಗ’ ಎಂದು ಪತ್ರಿಕೆಗಳಲ್ಲಿ ಓದಿದವರಿಗೆ ಅದು ಇನ್ನೂ ಆಗಬೇಕಾದ ಜಾಹೀರಾತೆಂದೇ ಕೇಳಿಸೀತು. ‘ಗುರಿಯಿಟ್ಟ ಜಾಹೀರಾತು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಕಾನೂನು ಅನುವಾದದಲ್ಲಿಯೂ ಪತ್ರಿಕೆಗಳಲ್ಲಿಯೂ ಕೆಲಸ ಮಾಡುವವರು ಈ ಎರಡಕ್ಕೂ ಯಾವ ಪದಗಳನ್ನು ಬಳಸುತ್ತಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.