ಕನ್ನಡ ಬ್ಲಾಗಿಗೆ ಯಾವ ಪ್ಲಗಿನ್ ಬೇಕು, ಯಾವುದು ಬೇಡ? ಕಲಬುರಗಿಯ ವೆಬ್ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಚಿತ್ತಾಪುರದ ಶಿಕ್ಷಕಿ)

ಶರಣು ಸರ್. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ರಜೆ ಸಿಕ್ಕಾಗಲೆಲ್ಲ ಸನ್ನತಿ, ಕನಗನಹಳ್ಳಿ, ನಾಗಾವಿ, ಮಳಖೇಡ ಎಂದು ಸುತ್ತಾಡಿ, ಕಂಡದ್ದನ್ನು ಸ್ವಂತ ಬ್ಲಾಗಿನಲ್ಲಿ ಬರೆಯುತ್ತ ಬಂದಿದ್ದೇನೆ. ಹೋಸ್ಟಿಂಗ್ (ಬ್ಲಾಗ್ ಇಡಲು ಸರ್ವರ್‌ನಲ್ಲಿ ಜಾಗ) ಕೊಂಡು, ಬ್ಲಾಗ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಹಾಕಿಸಿಕೊಂಡಿದ್ದೇನೆ. ಬರಹಗಳು 140ರಷ್ಟಿವೆ. ಅವರಿವರು ಹೇಳಿದರೆಂದು ಹಾಕುತ್ತ ಹೋಗಿ ಹೆಚ್ಚಿನ ಸೌಲಭ್ಯ ಜೋಡಿಸುವ ಪ್ಲಗಿನ್‌ಗಳು 28 ಆಗಿವೆ! ಈಗ ಪುಟ ತೆರೆದುಕೊಳ್ಳುವಷ್ಟರಲ್ಲಿ ಓದುವವರ ಸಹನೆ ತೀರುತ್ತದೆ. ಹಳ್ಳಿಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಅರ್ಧ ಚಿತ್ರಗಳು ಕಾಣುವುದೇ ಇಲ್ಲ. ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಲಿ?

ಇನ್ನೂ ಎರಡು ಸಂಶಯಗಳಿವೆ. ಓದಲು ಎಷ್ಟು ನಿಮಿಷ ಬೇಕೆಂದು ತೋರಿಸುವ ಪ್ಲಗಿನ್, ಎಷ್ಟೇ ಉದ್ದದ ಬರಹವಿದ್ದರೂ ಒಂದೇ ನಿಮಿಷ ಎನ್ನುತ್ತದೆ. ಗೂಗಲ್ ಹುಡುಕಾಟದಲ್ಲಿ ಬರಹ ಸಿಗಲೆಂದು ಹಾಕಿದ ಎಸ್‌ಇಒ ಪ್ಲಗಿನ್ ನನ್ನ ಬರಹಗಳಿಗೆ ಕೆಂಪು ಚುಕ್ಕೆ ಇಡುತ್ತಲೇ ಇರುತ್ತದೆ. ನನ್ನ ಕನ್ನಡವೇ ಸರಿಯಿಲ್ಲವೇನೋ ಎಂದು ಮನಸ್ಸಿಗೆ ಬೇಸರವಾಗುತ್ತದೆ.

ಉತ್ತರ

ಶರಣು ಮೇಡಂ. ಕೊನೆಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮ ಕನ್ನಡ ಸರಿಯಾಗಿಯೇ ಇದೆ, ಕನ್ನಡ ಬಾರದಿರುವುದು ಆ ಪ್ಲಗಿನ್‌ಗಳಿಗೆ.

ನಿಮಿಷ ಎಣಿಸುವ ಪ್ಲಗಿನ್‌ಗಳಲ್ಲಿ ಕೆಲವು ಪದ ಎಣಿಸಲು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಹಳೆಯ ಸೌಲಭ್ಯವನ್ನು ಬಳಸುತ್ತವೆ. ಅದಕ್ಕೆ ಇಂಗ್ಲಿಷ್ ಅಕ್ಷರಗಳಷ್ಟೇ ಅಕ್ಷರ. ಎರಡು ಸಾವಿರ ಪದಗಳ ಕನ್ನಡ ಬರಹವೂ ಅದರ ಲೆಕ್ಕದಲ್ಲಿ ಸೊನ್ನೆ, ಹಾಗಾಗಿ ಕನಿಷ್ಠವೆಂದು ಒಂದು ನಿಮಿಷ ತೋರಿಸುತ್ತದೆ. ತೆಗೆದುಹಾಕಿ. ಎಸ್‌ಇಒ ಪ್ಲಗಿನ್‌ನ ಓದುಸುಲಭತೆಯ ಅಳತೆಯೂ ಕನ್ನಡಕ್ಕಾಗಿ ಮಾಡಿದ್ದಲ್ಲ. ಆ ಚುಕ್ಕೆಯನ್ನು ಹಸಿರು ಮಾಡಲೆಂದು ಹರಿಯುವ ವಾಕ್ಯವನ್ನು ತುಂಡರಿಸಬೇಡಿ, ದಯವಿಟ್ಟು. ಆ ವಿಭಾಗವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಬಿಡಿ. ಆದರೆ ಪ್ಲಗಿನ್ ಇರಲಿ. ಯೋಸ್ಟ್ ಆಗಲಿ ರ‍್ಯಾಂಕ್ ಮ್ಯಾತ್ ಆಗಲಿ, ಒಂದು ಸಾಕು. ನಮ್ಮ ಭಾಗದಲ್ಲಿ ಬರಹಗಳು ಕೈಯಿಂದ ಕೈಗೆ ದಾಟುವುದು ಹೆಚ್ಚಾಗಿ ವಾಟ್ಸಾಪಿನಲ್ಲಿ. ಕೊಂಡಿ ಕಳಿಸಿದಾಗ ಶೀರ್ಷಿಕೆ, ಚಿತ್ರ, ಎರಡು ಸಾಲಿನ ಪರಿಚಯ ಅಚ್ಚುಕಟ್ಟಾಗಿ ಮೂಡುವಂತೆ ಮಾಡುವುದು ಇದೇ ಪ್ಲಗಿನ್.

ಇನ್ನು 28ರ ಮಾತು. ಸಂಖ್ಯೆಗಿಂತ ಮುಖ್ಯವಾದದ್ದು, ಪ್ರತಿಯೊಂದೂ ಓದುಗರ ಮೊಬೈಲಿಗೆ ಏನನ್ನು ಹೊರಿಸುತ್ತದೆ ಎಂಬುದು. ಬ್ಯಾಕಪ್ ಪ್ಲಗಿನ್ ಓದುಗರಿಗೆ ಗೊತ್ತಾಗದಂತೆ ಹಿಂದೆ ಕೆಲಸ ಮಾಡುತ್ತದೆ. ಜಾರುವ ಚಿತ್ರಪಟ್ಟಿ, ಪುಟದ ಮೇಲೆ ಹಾರಿ ಬರುವ ಪೆಟ್ಟಿಗೆ, ಹಂಚಿಕೆ ಎಣಿಸುವ ಗುಂಡಿಗಳ ಸಾಲು ಇವೆಲ್ಲ ಪ್ರತಿ ಪುಟಕ್ಕೂ ತಮ್ಮ ಸ್ಕ್ರಿಪ್ಟ್‌ಗಳನ್ನು ಎಳೆದು ತರುತ್ತವೆ. ಮೊದಲು ಅವು ಹೋಗಲಿ. ಯಾವುದು ಭಾರವೆಂದು ತಿಳಿಯದಿದ್ದರೆ ‘ಹೆಲ್ತ್ ಚೆಕ್ ಆ್ಯಂಡ್ ಟ್ರಬಲ್‌ಶೂಟಿಂಗ್’ ಎಂಬ ಪ್ಲಗಿನ್ ಇದೆ. ಅದರಲ್ಲಿ ಉಳಿದ ಪ್ಲಗಿನ್‌ಗಳನ್ನು ನಿಮಗೆ ಮಾತ್ರ ಆಫ್ ಮಾಡಿ ನೋಡಬಹುದು, ಓದುಗರಿಗೆ ತಾಣ ಎಂದಿನಂತೆ ಕಾಣುತ್ತಿರುತ್ತದೆ. ಒಂದೊಂದನ್ನೇ ಆನ್ ಮಾಡುತ್ತ ಹೋದರೆ ಕಳ್ಳ ಸಿಗುತ್ತಾನೆ.

ವೇಗಕ್ಕೆ ಕ್ಯಾಶ್ ಪ್ಲಗಿನ್ ಒಂದು ಬೇಕು. ಮನೆಗೆ ಬಂದವರಿಗೆಲ್ಲ ಹೊಸದಾಗಿ ಒಲೆ ಹೊತ್ತಿಸಿ ಹಿಟ್ಟು ನಾದಿ ರೊಟ್ಟಿ ಬಡಿಯುವುದು ಒಂದು ಬಗೆ. ಮೊದಲೇ ಸುಟ್ಟಿಟ್ಟ ಕಡಕ್ ರೊಟ್ಟಿಯನ್ನು ಬುಟ್ಟಿಯಿಂದ ತೆಗೆದು ಕೊಡುವುದು ಇನ್ನೊಂದು ಬಗೆ. ಕ್ಯಾಶ್ ಮಾಡುವುದು ಎರಡನೆಯದನ್ನು: ಪುಟವನ್ನು ಒಮ್ಮೆ ಸಿದ್ಧಮಾಡಿ ಇಟ್ಟುಕೊಂಡು ಮುಂದಿನವರಿಗೆ ಅದನ್ನೇ ಬಡಿಸುತ್ತದೆ. ನಿಮ್ಮ ಹೋಸ್ಟಿಂಗ್ ಲೈಟ್‌ಸ್ಪೀಡ್ ಸರ್ವರ್‌ನಲ್ಲಿದ್ದರೆ ಲೈಟ್‌ಸ್ಪೀಡ್ ಕ್ಯಾಶ್, ಇಲ್ಲದಿದ್ದರೆ ಡಬ್ಲ್ಯುಪಿ ಸೂಪರ್ ಕ್ಯಾಶ್. ಎರಡು ಕ್ಯಾಶ್ ಪ್ಲಗಿನ್‌ಗಳನ್ನು ಒಟ್ಟಿಗೆ ಹಾಕಿದರೆ ಒಂದರ ಕೆಲಸ ಇನ್ನೊಂದು ಕೆಡಿಸುತ್ತದೆ.

ಚಿತ್ರಗಳೇ ನಿಮ್ಮ ದೊಡ್ಡ ಹೊರೆ ಇರಬೇಕು. ಮೊಬೈಲಿನಲ್ಲಿ ತೆಗೆದ ಶಾಸನದ ಚಿತ್ರವೊಂದು ನಾಲ್ಕೈದು ಎಂಬಿ ತೂಗುತ್ತದೆ. 2019ರ 5.3ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ದೊಡ್ಡ ಚಿತ್ರವನ್ನು ತಾನೇ 2560 ಪಿಕ್ಸೆಲ್‌ಗೆ ಇಳಿಸುತ್ತದೆ, ಆದರೆ ಮೂಲ ಚಿತ್ರ ಸರ್ವರ್‌ನಲ್ಲಿ ಜಾಗ ತಿನ್ನುತ್ತ ಹಾಗೇ ಕುಳಿತಿರುತ್ತದೆ. ಆದ್ದರಿಂದ ಏರಿಸುವ ಮೊದಲೇ ಸ್ಕ್ವೂಶ್ ಎಂಬ ಉಚಿತ ತಾಣದಲ್ಲಿ ಚಿತ್ರವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಕಡತ ರೂಪದಲ್ಲಿ ಉಳಿಸಿಕೊಳ್ಳಿ. ಈಗಾಗಲೇ ಏರಿಸಿದ ಚಿತ್ರಗಳಿಗೆ ಇಡಬ್ಲ್ಯುಡಬ್ಲ್ಯುಡಬ್ಲ್ಯು ಇಮೇಜ್ ಆಪ್ಟಿಮೈಜರ್ ಎಂಬ ಪ್ಲಗಿನ್ ಸಾಕು. ಪುಟ ಕೆಳಗೆ ಸರಿದಂತೆ ಚಿತ್ರ ತೆರೆಯುವ ‘ಲೇಜಿ ಲೋಡ್’ಗೆ ಬೇರೆ ಪ್ಲಗಿನ್ ಇದ್ದರೆ ತೆಗೆಯಿರಿ. 2020ರ 5.5ನೇ ಆವೃತ್ತಿಯಿಂದ ಅದು ವರ್ಡ್‌ಪ್ರೆಸ್‌ನಲ್ಲೇ ಇದೆ. ಗೂಗಲ್‌ನಂಥ ಹುಡುಕುತಾಣಗಳಿಗೆ ನಿಮ್ಮ ಪುಟಗಳ ಪಟ್ಟಿ ಕೊಡುವ ಸೈಟ್‌ಮ್ಯಾಪ್ ಕೂಡ ಹಾಗೆಯೇ.

ಫಾಂಟ್ ಪ್ಲಗಿನ್ ಬೇಡ. ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡ ಅಕ್ಷರ ಈಗಾಗಲೇ ಚೆನ್ನಾಗಿಯೇ ಮೂಡುತ್ತದೆ. ಅದರ ಬದಲು, ತಾಣದ ಹೊರನೋಟ ಹೊಂದಿಸುವ ಥೀಮ್‌ನಲ್ಲಿ ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಗಾತ್ರದ 1.7ರಷ್ಟು ಮಾಡಿ. ಇಂಗ್ಲಿಷಿಗೆಂದು ಹೊಂದಿಸಿದ ಇಕ್ಕಟ್ಟಿನ ಸಾಲುಗಳಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತವೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದನ್ನು ಕೊನೆಗೆ ಹೇಳುತ್ತಿದ್ದೇನೆ. ಒಂದೇ ಒಂದು ಪ್ಲಗಿನ್ ಇಟ್ಟುಕೊಳ್ಳಿ ಎಂದರೆ ನಾನು ಬ್ಯಾಕಪ್ ಎನ್ನುತ್ತೇನೆ. ನನ್ನ ಅಜ್ಜಿ ಹಾಡುತ್ತಿದ್ದ ಬೀಸುವ ಪದಗಳನ್ನು ನಾನು ಬರೆದುಕೊಂಡು ಬ್ಲಾಗಿನಲ್ಲಿ ಹಾಕಿದ್ದೆ. ಆ ಹೋಸ್ಟಿಂಗ್ ಸಂಸ್ಥೆ ಒಂದು ದಿನ ಬಾಗಿಲು ಮುಚ್ಚಿತು. ಎಚ್ಚರಿಕೆಯ ಮೇಲ್ ನಾನು ಬಳಸದ ಹಳೆಯ ವಿಳಾಸಕ್ಕೆ ಹೋಗಿತ್ತು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. ಕೆಲವು ಪದಗಳ ಮೊದಲ ಸಾಲು ಮಾತ್ರ ನನಗೆ ನೆನಪಿದೆ, ಮುಂದಿನದನ್ನು ಹಾಡುವವರು ಯಾರೂ ಇಲ್ಲ. ಅಪ್‌ಡ್ರಾಫ್ಟ್‌ಪ್ಲಸ್ ಹಾಕಿಕೊಳ್ಳಿ. ಉಚಿತ ಆವೃತ್ತಿಯೇ ವಾರಕ್ಕೊಮ್ಮೆ ತಾನಾಗಿ ಗೂಗಲ್ ಡ್ರೈವ್‌ಗೆ ಪ್ರತಿ ಕಳಿಸುತ್ತದೆ. ಅಲ್ಲಿ 15 ಜಿಬಿ ಪುಕ್ಕಟೆ ಜಾಗವಿದೆ. ಬ್ಯಾಕಪ್ ಅದೇ ಸರ್ವರ್‌ನಲ್ಲಿ ಇದ್ದರೆ ಇಲ್ಲದಂತೆಯೇ ಲೆಕ್ಕ.

ಪ್ರಶ್ನೆ (ಅದೇ ಶಿಕ್ಷಕಿ)

ಅಜ್ಜಿಯ ಪದಗಳ ಸಂಗತಿ ಓದಿ ಕಣ್ಣು ತುಂಬಿ ಬಂತು ಸರ್. ಇವತ್ತೇ ಬ್ಯಾಕಪ್ ಹಾಕಿದೆ. ಇನ್ನೊಂದು ತೊಂದರೆ ಇದೆ. ಬರಹದ ಕೊಂಡಿಯನ್ನು ವಾಟ್ಸಾಪಿಗೆ ಅಂಟಿಸಿದರೆ ಶೇಕಡಾ ಚಿಹ್ನೆಗಳು ತುಂಬಿದ ಮಾರುದ್ದದ ಸಾಲು ಬರುತ್ತದೆ. ಇದನ್ನು ಚಿಕ್ಕದಾಗಿಸುವ ಪ್ಲಗಿನ್ ಇದೆಯೇ?

ಉತ್ತರ

ಪ್ಲಗಿನ್ ಬೇಡ ಮೇಡಂ, ಆದರೆ ಇದರ ಒಳಗುಟ್ಟು ತಿಳಿದಿರಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಅನ್ನು ವೆಬ್ ಬಳಸುವ ಯುಟಿಎಫ್-8 ರೂಪದಲ್ಲಿ, ಪ್ರತಿ ಕನ್ನಡ ಚಿಹ್ನೆಗೂ ಮೂರು ಬೈಟ್. ಕೊಂಡಿಯಲ್ಲಿ ಒಂದೊಂದು ಬೈಟ್ ಮೂರು ಅಕ್ಷರವಾಗಿ ಬಿಡಿಸಿಕೊಳ್ಳುತ್ತದೆ. ಅಂದರೆ ಒಂದು ‘ಕ’ಗೆ ಒಂಬತ್ತು ಅಕ್ಷರ. ಇಳಿ, ಏತ್ವ, ಒತ್ತಿನ ಗುರುತು ಎಲ್ಲಕ್ಕೂ ಪ್ರತ್ಯೇಕವಾಗಿ ಒಂಬತ್ತೊಂಬತ್ತು. ಕೊಂಡಿಯಲ್ಲಿ ಶೀರ್ಷಿಕೆಯಿಂದ ಬರುವ ಭಾಗಕ್ಕೆ ವರ್ಡ್‌ಪ್ರೆಸ್ ಕೊಟ್ಟಿರುವ ಜಾಗ 200 ಅಕ್ಷರ ಮಾತ್ರ. ಹಾಗಾಗಿ 22 ಕನ್ನಡ ಚಿಹ್ನೆಗಳಿಗೆ ಜಾಗ ಮುಗಿಯುತ್ತದೆ.

‘ಕನಗನಹಳ್ಳಿಯ ಸ್ತೂಪದ ಮೇಲೆ ಅಶೋಕನ ಹೆಸರು’ ಎಂದು ಶೀರ್ಷಿಕೆ ಇಟ್ಟರೆ ಕೊಂಡಿಯಲ್ಲಿ ಉಳಿಯುವುದು ‘ಕನಗನಹಳ್ಳಿಯ-ಸ್ತೂಪದ-ಮೇಲೆ-ಅ’ ಇಷ್ಟೇ. ಅಶೋಕನಿಗೆ ‘ಅ’ ಒಂದೇ ದಕ್ಕುತ್ತದೆ.

ಕೊಂಡಿಯ ಈ ಭಾಗಕ್ಕೆ ‘ಸ್ಲಗ್’ ಎನ್ನುತ್ತಾರೆ. ಪ್ರಕಟಿಸುವ ಮೊದಲು ಬಲಬದಿಯಲ್ಲಿ ಆ ಹೆಸರು ಕಾಣುವಲ್ಲಿ ಊರಿನ ಹೆಸರು, ವಿಷಯ ಎರಡನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆಯಿರಿ. ಹಳೆಯ ಬರಹಗಳಲ್ಲೂ ಬದಲಿಸಬಹುದು. ಯಾರೋ ಉಳಿಸಿಕೊಂಡ ಹಳೆಯ ಕೊಂಡಿ ಒತ್ತಿದರೆ ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ದಾಟಿಸುತ್ತದೆ.

ಪ್ರಶ್ನೆ (ಬೀದರಿನ ಛಾಯಾಗ್ರಾಹಕ)

ನಾನು ಬಿದ್ರಿ ಕುಶಲಕರ್ಮಿಗಳ ಮನೆಗಳಲ್ಲಿ ತೆಗೆದ ಚಿತ್ರಗಳನ್ನು ಬ್ಲಾಗಿಗೆ ಹಾಕುತ್ತೇನೆ. ನಕಲು ತಡೆಯಲು, ಮೌಸ್‌ನ ಬಲಗುಂಡಿ ಒತ್ತದಂತೆ ಮಾಡುವ ಪ್ಲಗಿನ್ ಹಾಕಲೇ? ಪರಿಚಯದವರೊಬ್ಬರು ಹಣ ಕೊಟ್ಟು ಕೊಳ್ಳುವ ಗ್ಯಾಲರಿ ಪ್ಲಗಿನ್ ಒಂದನ್ನು ಪುಕ್ಕಟೆಯಾಗಿ ಜಿಪ್ ಕಡತದಲ್ಲಿ ಕಳಿಸಿದ್ದಾರೆ, ಹಾಕಿಕೊಳ್ಳಬಹುದೇ?

ಉತ್ತರ

ಅಣ್ಣಾ, ಆ ಜಿಪ್ ಕಡತವನ್ನು ಈಗಲೇ ಅಳಿಸಿಬಿಡಿ. ಬೀಗ ಮುರಿದು ಹಂಚುವ ಪ್ಲಗಿನ್‌ಗಳ ಒಳಗೆ ಕಳ್ಳದಾರಿ ಬಚ್ಚಿಟ್ಟಿರುವುದು ಬಹಳ ಸಾಮಾನ್ಯ. ಅದು ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ನಿಮ್ಮ ತಾಣಕ್ಕೆ ಬಂದವರನ್ನು ಜೂಜಿನ ಪುಟಕ್ಕೆ ಕರೆದೊಯ್ಯುತ್ತದೆ. ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಿಂದ ಮಾತ್ರ ಪ್ಲಗಿನ್ ತೆಗೆದುಕೊಳ್ಳಿ. ಅಲ್ಲಿಯೂ ಕೊನೆಯ ಬಾರಿ ಯಾವಾಗ ಪರಿಷ್ಕರಿಸಿದ್ದಾರೆ ನೋಡಿ. ಇತ್ತೀಚಿನ ಮೂರು ಮುಖ್ಯ ಆವೃತ್ತಿಗಳೊಂದಿಗೆ ಪರೀಕ್ಷಿಸಿಲ್ಲವೆಂಬ ಹಳದಿ ಪಟ್ಟಿ ಕಂಡರೆ ಬಿಟ್ಟುಬಿಡಿ.

ಬಲಗುಂಡಿ ತಡೆಯುವುದರಿಂದ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ಸ್ಕ್ರೀನ್‌ಶಾಟ್ ತೆಗೆಯುವವರನ್ನು ಅದು ತಡೆಯದು, ನಿಮ್ಮ ಬರಹದ ಒಂದು ಸಾಲನ್ನು ಉಲ್ಲೇಖಿಸಬಯಸುವ ಒಳ್ಳೆಯ ಓದುಗನಿಗೆ ಮಾತ್ರ ಅಡ್ಡಿ.

ನೀವು ಕೇಳದ ಒಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ಆನ್ ಇದ್ದರೆ, ಮನೆ ಇರುವ ಜಾಗದ ಅಕ್ಷಾಂಶ ರೇಖಾಂಶ ಚಿತ್ರದೊಳಗೇ ಸೇರಿರುತ್ತವೆ. ಬೆಳ್ಳಿ ಇಟ್ಟುಕೊಂಡು ಕೆಲಸ ಮಾಡುವ ಮನೆಗಳು ಅವು. ಕ್ಯಾಮೆರಾದಲ್ಲೇ ಅದನ್ನು ಆಫ್ ಮಾಡಿ. ಮೇಲೆ ಹೇಳಿದ ಇಮೇಜ್ ಆಪ್ಟಿಮೈಜರ್‌ನಲ್ಲಿ ಇಂಥ ಅಡಗಿದ ಮಾಹಿತಿಯನ್ನು (ಮೆಟಾಡೇಟಾ) ತೆಗೆಯುವ ಆಯ್ಕೆಗೂ ಗುರುತು ಹಾಕಿ.

ಪ್ರಶ್ನೆ (ಯಾದಗಿರಿಯ ವಿದ್ಯಾರ್ಥಿ)

ಸರ್, ನನ್ನ ಹತ್ತಿರ ಹೋಸ್ಟಿಂಗ್‌ಗೆ ಹಣವಿಲ್ಲ. ಬೋನಾಳ ಕೆರೆಯ ಹಕ್ಕಿಗಳ ಬಗ್ಗೆ ಗೂಗಲ್‌ನ ಉಚಿತ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಬರೆಯುತ್ತೇನೆ. ಅಲ್ಲಿ ಪ್ಲಗಿನ್ ಹಾಕುವುದು ಹೇಗೆ?

ಉತ್ತರ

ತಮ್ಮಾ, ಬ್ಲಾಗರ್‌ನಲ್ಲಿ ಪ್ಲಗಿನ್ ಇಲ್ಲ, ಗ್ಯಾಜೆಟ್ ಇವೆ. ಲೇಔಟ್‌ಗೆ ಹೋಗಿ ಹುಡುಕು ಪೆಟ್ಟಿಗೆ, ಲೇಬಲ್‌ಗಳು, ಬರಹಗಳ ಸಂಗ್ರಹ ಈ ಮೂರನ್ನು ಸೇರಿಸಿಕೊ. ಪ್ರತಿ ಹಕ್ಕಿಯ ಹೆಸರಿಗೂ ಒಂದು ಲೇಬಲ್ ಕೊಡು. ಓದುಗನಿಗೆ ಅದೇ ಸೂಚಿ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಕೊಂಡಿಗೆ ‘ಬ್ಲಾಗ್-ಪೋಸ್ಟ್’ ಎಂದು ಬರೆದು ಹಿಂದೆ ಒಂದು ಸಂಖ್ಯೆ ಅಂಟಿಸುತ್ತದೆ. ಪ್ರಕಟಿಸುವ ಮೊದಲು ‘ಪರ್ಮಾಲಿಂಕ್’ನಲ್ಲಿ ಕೊಂಡಿಗೆ ನಿನಗೆ ಬೇಕಾದ ಹೆಸರು ಕೊಡು. ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಒತ್ತಿ ಕಡತ ಇಳಿಸಿಕೊ. ಮುಂದೆ ಕೈಯಲ್ಲಿ ಹಣ ಓಡಾಡುವಾಗ ಬರಹಗಳನ್ನೆಲ್ಲ ಅದೇ ಕಡತದಿಂದ ವರ್ಡ್‌ಪ್ರೆಸ್‌ಗೆ ಸಾಗಿಸಬಹುದು. ಚಿತ್ರಗಳ ಮೂಲ ಪ್ರತಿಗಳನ್ನು ಬೇರೆಯಾಗಿಯೇ ಇಟ್ಟುಕೊ, ಆ ಕಡತದಲ್ಲಿ ಅವು ಇರುವುದಿಲ್ಲ. ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.

ಪ್ರಶ್ನೆ (ಚಿತ್ತಾಪುರದ ಶಿಕ್ಷಕಿ, ಎಂಟು ದಿನಗಳ ನಂತರ)

ಸರ್, 28ರಲ್ಲಿ ಈಗ ಉಳಿದಿರುವುದು ಏಳು. ಪುಟ ಥಟ್ಟನೆ ತೆರೆಯುತ್ತಿದೆ. ಸಮಸ್ಯೆ ಒಂದೇ ಉಳಿದಿದೆ. ಹಿಂದೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿದ್ದೆ. ಅವುಗಳಲ್ಲೆಲ್ಲ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿದೆ, ‘ಧರ್ಮ’ ಹೋಗಿ ‘ಧಮರ್’ ಆಗಿದೆ. ಅರವತ್ತು ಬರಹಗಳನ್ನು ಕೈಯಿಂದ ತಿದ್ದಬೇಕೇ?

ಉತ್ತರ

ಕೈಯಿಂದ ಬೇಡ ಮೇಡಂ. ಹಳೆಯ ಶೈಲಿಯಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಒತ್ತುತ್ತಿದ್ದೆವು. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಜರುಗಿಸದೆ ಬಿಟ್ಟಿದೆ.

ಇಲ್ಲಿ ಪ್ಲಗಿನ್ ನಿಜಕ್ಕೂ ಬೇಕು: ‘ಬೆಟರ್ ಸರ್ಚ್ ರಿಪ್ಲೇಸ್’. ಮೊದಲು ಹೊಸದೊಂದು ಬ್ಯಾಕಪ್ ತೆಗೆಯಿರಿ. ಆಮೇಲೆ ಬರಹಗಳಿರುವ ‘ಪೋಸ್ಟ್ಸ್’ ಕೋಷ್ಟಕವೊಂದನ್ನೇ ಆರಿಸಿ, ‘ಕನಾರ್ಟಕ’ ಎಂಬಲ್ಲಿ ‘ಕರ್ನಾಟಕ’ ಎಂದು ಕೊಡಿ. ‘ಡ್ರೈ ರನ್’ ಎಂಬ ಗುರುತು ಹಾಗೇ ಇರಲಿ. ಆಗ ಅದು ಏನನ್ನೂ ಬದಲಿಸದೆ ಎಷ್ಟು ಕಡೆ ಸಿಕ್ಕಿತೆಂದು ಮಾತ್ರ ಹೇಳುತ್ತದೆ. ಸಂಖ್ಯೆ ನಂಬುವಂತಿದ್ದರೆ ಗುರುತು ತೆಗೆದು ಮತ್ತೊಮ್ಮೆ ಒತ್ತಿ.

ಒಂದು ಎಚ್ಚರ. ಇಡೀ ಪದವನ್ನೇ ಕೊಡಿ. ‘ಮರ್’ ಸಿಕ್ಕಲ್ಲೆಲ್ಲ ‘ರ್ಮ’ ಮಾಡು ಎಂದು ಹೇಳಿದರೆ ‘ಅಮರ್’ ಎಂಬ ಹುಡುಗನ ಹೆಸರು ‘ಅರ್ಮ’ ಆಗಿಬಿಡುತ್ತದೆ. ತಪ್ಪಾದ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಒಂದೊಂದಾಗಿ ತಿದ್ದಿ. ನಿಮ್ಮ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೆ ಐದೈದು ಬರಹ ಓದಲು ಕೊಟ್ಟರೆ ಪಟ್ಟಿ ಎರಡು ದಿನದಲ್ಲಿ ಸಿದ್ಧವಾಗುತ್ತದೆ. ಕೆಲಸ ಮುಗಿದ ಮೇಲೆ ಆ ಪ್ಲಗಿನ್ ಅನ್ನೂ ತೆಗೆದುಬಿಡಿ.